ಕಬ್ಬಿನ ಬೇಸಾಯ, ನಾಟಿಯಿಂದ ಕಟಾವಿನವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬು ಒಮ್ಮೆ ನೆಟ್ಟರೆ ಹತ್ತರಿಂದ ಹದಿನೆಂಟು ತಿಂಗಳು ನೆಲ ಬಿಡದ ಬೆಳೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯನ್ನೂ ಲೆಕ್ಕಕ್ಕೆ ಹಿಡಿದರೆ ಒಂದೇ ನಾಟಿ ಮೂರು ನಾಲ್ಕು ವರ್ಷ ಹೊಲದಲ್ಲಿರುತ್ತದೆ. ಹೀಗಾಗಿ ಆರಂಭದ ಕೆಲಸದಲ್ಲಿ ಉಳಿದ ಕೊರತೆ ಕೊನೆಯ ಕೂಳೆಯವರೆಗೂ ಕಾಡುತ್ತದೆ. ಕೆಳಗಿನ ಉತ್ತರಗಳಲ್ಲಿ ಬೀಜ ಮತ್ತು ಮೊದಲ ನಾಲ್ಕು ತಿಂಗಳ ವಿಚಾರಕ್ಕೆ ಹೆಚ್ಚು ಜಾಗ ಸಿಕ್ಕಿರುವುದಕ್ಕೆ ಇದೇ ಕಾರಣ.

ಕಬ್ಬಿನ ಇಳುವರಿ ನಿರ್ಧಾರವಾಗುವುದು ಯಾವುದರಿಂದ?

ಎರಡೇ ಸಂಗತಿಗಳಿಂದ: ಕಟಾವಿನ ಹೊತ್ತಿಗೆ ಹೊಲದಲ್ಲಿ ನಿಂತಿರುವ, ಅರೆಯಲು ಯೋಗ್ಯವಾದ ಕಬ್ಬುಗಳ ಸಂಖ್ಯೆ ಮತ್ತು ಒಂದೊಂದು ಕಬ್ಬಿನ ತೂಕ. ಒಂದು ಹೆಕ್ಟೇರಿನಲ್ಲಿ ಒಂದು ಲಕ್ಷ ಕಬ್ಬು ನಿಂತು, ಪ್ರತಿಯೊಂದೂ ಸರಾಸರಿ ಒಂದು ಕಿಲೋ ತೂಗಿದರೆ 100 ಟನ್ ಆಗುತ್ತದೆ. ತೂಕವನ್ನು ನೀರು ಮತ್ತು ಗೊಬ್ಬರದಿಂದ ಒಂದಿಷ್ಟು ಮಟ್ಟಿಗೆ ಹೆಚ್ಚಿಸಬಹುದು. ಸಂಖ್ಯೆಯಾದರೋ ಮೊದಲ ನಾಲ್ಕು ತಿಂಗಳಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿ ಹೋಗಿರುತ್ತದೆ. ಸಾಲಿನಲ್ಲಿ ಖಾಲಿ ಬಿದ್ದ ಜಾಗಕ್ಕೆ ಆರನೆಯ ತಿಂಗಳಲ್ಲಿ ಎಷ್ಟು ಯೂರಿಯಾ ಸುರಿದರೂ ಅಲ್ಲಿ ಕಬ್ಬು ಹುಟ್ಟುವುದಿಲ್ಲ. ಇದರ ಜೊತೆಗೆ ನೆನಪಿಡಬೇಕಾದದ್ದು, ತೂಕ ಬೇರೆ, ಸಕ್ಕರೆಯ ಅಂಶ ಬೇರೆ. ತೂಕ ಹೆಚ್ಚಿಸುವ ಸಾರಜನಕ ಮತ್ತು ನೀರು ಕೊನೆಯ ತಿಂಗಳುಗಳಲ್ಲಿ ಅತಿಯಾದರೆ ಸಕ್ಕರೆ ಇಳಿಯುತ್ತದೆ.

ಎಂಥ ಹವೆ ಮತ್ತು ಎಂಥ ಮಣ್ಣು ಬೇಕು?

ಕಬ್ಬು ಉಷ್ಣವಲಯದ ಹುಲ್ಲು. ಮೊಳೆಯಲು 32ರಿಂದ 38 ಡಿಗ್ರಿ ಸೆಲ್ಸಿಯಸ್ ತಾಪಮಾನ ಅತ್ಯಂತ ಹಿತ. 20 ಡಿಗ್ರಿಗಿಂತ ಕೆಳಗೆ ಮೊಳಕೆಯೂ ಬೆಳವಣಿಗೆಯೂ ತೀರಾ ಮಂದವಾಗುತ್ತವೆ. ಬೆಳೆಯುವಾಗ ಬಿಸಿಲು, ಸೆಕೆ, ತೇವ ಬೇಕು. ಮಾಗುವಾಗ ಇದಕ್ಕೆ ತದ್ವಿರುದ್ಧವಾಗಿ ತಂಪಾದ ಒಣ ಹವೆ ಬೇಕು. ಪ್ರಬಲ ಬಿಸಿಲನ್ನು ಈ ಬೆಳೆ ಬಳಸಿಕೊಳ್ಳುವಷ್ಟು ದಕ್ಷವಾಗಿ ಬಹಳ ಬೆಳೆಗಳು ಬಳಸಿಕೊಳ್ಳುವುದಿಲ್ಲ. ಸಿ-4 ಎಂದು ಕರೆಯುವ ದ್ಯುತಿಸಂಶ್ಲೇಷಣೆಯ ವಿಶೇಷ ಮಾರ್ಗವನ್ನು 1960ರ ದಶಕದಲ್ಲಿ ಹವಾಯಿ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಗುರುತಿಸಿದ್ದು ಕಬ್ಬಿನ ಎಲೆಯಲ್ಲೇ.

ಮಣ್ಣಿನ ವಿಚಾರದಲ್ಲಿ ಕಬ್ಬು ಅಷ್ಟೊಂದು ನಾಜೂಕಿನದಲ್ಲ. ರಸಸಾರ (ಪಿಎಚ್) 6.5ರಿಂದ 7.5ರ ನಡುವೆ ಇರುವ, ಆಳವಾದ, ನೀರು ಬಸಿದು ಹೋಗುವ ಗೋಡುಮಣ್ಣು ಉತ್ತಮ, 5ರಿಂದ 8.5ರವರೆಗೂ ಬೆಳೆ ತಾಳಿಕೊಳ್ಳುತ್ತದೆ. ತಾಳದಿರುವುದು ನಿಂತ ನೀರನ್ನು ಮತ್ತು ಚೌಳನ್ನು. ಕಪ್ಪು ಮಣ್ಣಿನಲ್ಲಿ ನಾಟಿಗೆ ಮೊದಲೇ ಬಸಿಗಾಲುವೆಗೆ ದಾರಿ ಮಾಡದಿದ್ದರೆ ವರ್ಷದಿಂದ ವರ್ಷಕ್ಕೆ ಲವಣ ಮೇಲೇರಿ, ಹೊಲದ ತಗ್ಗಿನ ಭಾಗದಲ್ಲಿ ಬೆಳೆ ಗಿಡ್ಡವಾಗುತ್ತಾ ಬರುತ್ತದೆ.

ಉಳುಮೆ ಎಷ್ಟು ಆಳ, ಸಾಲಿನ ಅಂತರ ಎಷ್ಟು?

ಬೇರು ಇಳಿಯಲು 30ರಿಂದ 45 ಸೆಂ.ಮೀ. ಆಳದ ಉಳುಮೆ ಬೇಕು. ಕೆಳಗೆ ಗಟ್ಟಿ ಪದರವಿದ್ದರೆ ಅದನ್ನು ಒಡೆಯಲು ಸಿಗುವ ಅವಕಾಶ ನಾಟಿಗೆ ಮುಂಚೆ ಮಾತ್ರ, ಏಕೆಂದರೆ ಆಮೇಲೆ ಕೆಲವು ವರ್ಷ ಆ ನೆಲಕ್ಕೆ ನೇಗಿಲು ಇಳಿಯುವುದಿಲ್ಲ. ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟನ್ನು ಹೆಕ್ಟೇರಿಗೆ 20ರಿಂದ 25 ಟನ್ ಸೇರಿಸುವುದು, ಅದು ಸಿಗದಿದ್ದರೆ ಸೆಣಬು ಅಥವಾ ಡಯಂಚ ಬೆಳೆದು ಹೂ ಬಿಡುವ ಮೊದಲೇ ಮಣ್ಣಿಗೆ ಮಗುಚುವುದು ರೂಢಿ.

ಹಿಂದೆ 75ರಿಂದ 90 ಸೆಂ.ಮೀ. ಅಂತರದ ಸಾಲುಗಳು ಸಾಮಾನ್ಯವಾಗಿದ್ದವು. ಹನಿ ನೀರಾವರಿ, ಯಂತ್ರದ ಕಟಾವು ಅಥವಾ ಅಂತರ ಬೆಳೆ ಇರುವಲ್ಲಿ 120ರಿಂದ 150 ಸೆಂ.ಮೀ. ಅಗಲದ ಸಾಲುಗಳೇ ಅನುಕೂಲ. ಅಗಲ ಸಾಲಿನಲ್ಲಿ ಕಬ್ಬು ಕಡಿಮೆಯಾಗುತ್ತದೆ ಎಂಬ ಆತಂಕ ಹಲವರಿಗಿದೆ. ಗಾಳಿ ಬೆಳಕು ಚೆನ್ನಾಗಿ ಸಿಕ್ಕಿ ತೆಂಡೆಗಳು, ಅಂದರೆ ಬುಡದಿಂದ ಒಡೆಯುವ ಮರಿ ಕಬ್ಬುಗಳು, ಬದುಕುಳಿಯುವುದರಿಂದ ಆ ನಷ್ಟ ಬಹುಪಾಲು ತುಂಬಿಕೊಳ್ಳುತ್ತದೆ. ತೆಂಡೆ ಕಡಿಮೆ ಒಡೆಯುವ ತಳಿಯಾದರೆ ಮಾತ್ರ ಆತಂಕಕ್ಕೆ ಅರ್ಥವಿದೆ.

ಕಬ್ಬು ಹೂ ಬಿಡುತ್ತದೆಯಲ್ಲ, ಅದರ ಬೀಜವನ್ನೇ ಏಕೆ ಬಿತ್ತುವುದಿಲ್ಲ?

ಕಬ್ಬಿನ ನಿಜವಾದ ಬೀಜ ಧೂಳಿನಷ್ಟು ಸಣ್ಣದು. ಅದರಿಂದ ಹುಟ್ಟಿದ ಒಂದೊಂದು ಸಸಿಯೂ ಒಂದೊಂದು ಬಗೆಯಾಗಿರುತ್ತದೆ. ಹೊಸ ತಳಿ ಹುಟ್ಟಿಸುವವರಿಗೆ ಮಾತ್ರ ಅದು ಬೇಕು. ನ್ಯೂಗಿನಿಯ ಸುತ್ತಮುತ್ತ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ ದಪ್ಪ, ಸಿಹಿ ಕಬ್ಬನ್ನು ಕಾಡು ಜಾತಿಯ ತೆಳು ಕಬ್ಬಿನೊಂದಿಗೆ ಸಂಕರ ಮಾಡಿದ ಮೇಲೆಯೇ ರೋಗ ತಡೆದು ನಿಲ್ಲುವ ಇಂದಿನ ತಳಿಗಳು ಬಂದದ್ದು. ಜಾವಾದಲ್ಲಿ ರೂಪುಗೊಂಡ ಪಿಒಜೆ 2878 ಮತ್ತು 1912ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬು ತಳಿ ಸಂವರ್ಧನ ಕೇಂದ್ರ ನೀಡಿದ ಕೊ 205 ಈ ದಾರಿಯ ಮೊದಲ ಹೆಸರಾಂತ ತಳಿಗಳು. ಬೆಳೆಗಾರನಿಗೆ ಮಾತ್ರ ಹೊಲವೆಲ್ಲ ಒಂದೇ ಗುಣದ್ದಾಗಬೇಕು. ಅದಕ್ಕೆ ಕಾಂಡದ ತುಂಡೇ ಬೀಜ.

ಬೀಜದ ಕಬ್ಬನ್ನು ಆರಿಸುವುದು ಹೇಗೆ?

ಎಂಟರಿಂದ ಹತ್ತು ತಿಂಗಳ ಎಳೆಯ, ನಾಟಿ ಬೆಳೆಯ, ಚೆನ್ನಾಗಿ ಗೊಬ್ಬರ ನೀರು ಕಂಡ ತಾಕಿನಿಂದ ಬೀಜ ತೆಗೆಯಬೇಕು. ಗಾಣಕ್ಕೆ ಹೋಗಬೇಕಾದ ಬಲಿತ ಕಬ್ಬಿನಲ್ಲಿ ಒಂದಿಷ್ಟನ್ನು ಉಳಿಸಿಕೊಂಡು ನೆಡುವುದು, ಕೂಳೆಯಿಂದ ಬೀಜ ತೆಗೆಯುವುದು, ಬಿದ್ದ ಕಬ್ಬನ್ನು ನೆಡುವುದು, ಇವೆಲ್ಲ ಖರ್ಚು ಉಳಿಸಿದಂತೆ ತೋರಿ ಮೊಳಕೆಯಲ್ಲಿ ಅದನ್ನು ಬಡ್ಡಿ ಸಮೇತ ವಸೂಲು ಮಾಡುತ್ತವೆ.

ಕಬ್ಬಿನ ತುದಿಯ ಮೂರನೆಯ ಒಂದು ಭಾಗದ ಕಣ್ಣುಗಳು (ಗೆಣ್ಣಿನ ಮೊಗ್ಗುಗಳು) ಬುಡದ ಕಣ್ಣುಗಳಿಗಿಂತ ಬೇಗ ಮತ್ತು ಹೆಚ್ಚು ಮೊಳೆಯುತ್ತವೆ. ತುದಿಯ ಗೆಣ್ಣುಗಳಲ್ಲಿ ನೀರು, ಸಾರಜನಕ ಮತ್ತು ಕೂಡಲೇ ಬಳಕೆಗೆ ಬರುವ ಗ್ಲೂಕೋಸ್ ಹೆಚ್ಚು. ಬುಡದ ಗೆಣ್ಣುಗಳಲ್ಲಿ ಸುಕ್ರೋಸ್ ಹೆಚ್ಚು, ಕಣ್ಣೂ ವಯಸ್ಸಾದದ್ದು. ಹಾಗಾಗಿ ಇಡೀ ಕಬ್ಬನ್ನು ಬೀಜಕ್ಕೆ ಬಳಸುವವರು ಬುಡದ ಒಂದೆರಡು ಅಡಿಯನ್ನು ಬಿಟ್ಟರೆ ನಷ್ಟವಿಲ್ಲ. ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ: ಉಬ್ಬಿ, ಹಸಿಯಾಗಿ, ಗಟ್ಟಿಯಾಗಿ ಕೂತಿದ್ದರೆ ಅದು ಮೊಳೆಯುವ ಕಣ್ಣು, ಚಪ್ಪಟೆಯಾಗಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲ. ರವದಿಯನ್ನು (ಕಬ್ಬಿನ ಒಣ ಎಲೆಯನ್ನು) ಸಾಗಣೆಗೆ ಮೊದಲೇ ಸುಲಿದರೆ ಕಣ್ಣುಗಳು ಉಜ್ಜಿ ಹಾಳಾಗುತ್ತವೆ, ಆದ್ದರಿಂದ ಸಾಧ್ಯವಾದಷ್ಟು ನಾಟಿಯ ಜಾಗದಲ್ಲೇ, ಕೈಯಿಂದ ಸುಲಿಯಬೇಕು. ಕಡಿದ ಬೀಜವನ್ನು ಒಂದೆರಡು ದಿನದೊಳಗೆ ನೆಡುವುದು ಮೇಲು.

ಬೀಜೋಪಚಾರ ಮಾಡಲೇಬೇಕೇ?

ಮಾಡಲೇಬೇಕು. ಕತ್ತರಿಸಿದ ಎರಡು ತುದಿಗಳೂ ತೆರೆದ ಗಾಯಗಳೇ. ಮಣ್ಣಿನ ಶಿಲೀಂಧ್ರ ಒಳಗೆ ಹೋಗಿ ಕಣ್ಣು ಮೊಳೆಯುವ ಮೊದಲೇ ತುಂಡನ್ನು ಕೊಳೆಸುತ್ತದೆ. ಶಿಫಾರಸು ಮಾಡಿದ ಶಿಲೀಂಧ್ರನಾಶಕದ ದ್ರಾವಣದಲ್ಲಿ ಹದಿನೈದು ನಿಮಿಷ ಅದ್ದಿ ತೆಗೆಯುವುದು ಇದಕ್ಕೆ ಸಾಕು. ಬೀಜದ ಒಳಗೇ ಕೂತು ಬರುವ ರೋಗಗಳಿಗೆ ಅದು ಸಾಲದು. ಕೂಳೆ ಕುಂಠಿತ ರೋಗದಂಥವನ್ನು ತಡೆಯಲು 50 ಡಿಗ್ರಿ ಬಿಸಿನೀರಿನಲ್ಲಿ ಎರಡು ಗಂಟೆ ಇಡುವ ಪದ್ಧತಿ ಇದೆ. ಒಂದೆರಡು ಡಿಗ್ರಿ ಹೆಚ್ಚಾದರೆ ಕಣ್ಣು ಬೇಯುತ್ತದೆ, ಕಡಿಮೆಯಾದರೆ ರೋಗಾಣು ಉಳಿಯುತ್ತದೆ. ಹೀಗಾಗಿ ಇದು ತಾಪಮಾನ ನಿಯಂತ್ರಿಸುವ ಸಲಕರಣೆ ಇರುವ ಬೀಜೋತ್ಪಾದನಾ ತಾಕುಗಳ ಕೆಲಸ. ಅಂಥ ತಾಕಿನಿಂದ ಬಂದ ಬೀಜವನ್ನು ಸ್ವಲ್ಪ ಜಾಗದಲ್ಲಿ ನೆಟ್ಟು, ಅದನ್ನೇ ಮುಂದಿನ ವರ್ಷ ಹೊಲಕ್ಕೆಲ್ಲ ಹರಡಿಕೊಂಡರೆ ಸಾಕಾಗುತ್ತದೆ. ಕೂಳೆ ಕುಂಠಿತ ರೋಗ ಕತ್ತಿಯ ಅಲಗಿನಿಂದಲೂ ಹರಡುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಂದು ತಾಕು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕತ್ತಿಯನ್ನು ಸೋಂಕುನಾಶಕದಲ್ಲಿ ಅದ್ದಬೇಕು.

ತುಂಡು ನೆಡುವುದು ಒಳ್ಳೆಯದೋ, ಸಸಿ ನೆಡುವುದೋ?

ಎರಡು ಅಥವಾ ಮೂರು ಕಣ್ಣಿನ ತುಂಡುಗಳನ್ನು ನೆಟ್ಟರೆ ಹೆಕ್ಟೇರಿಗೆ 6ರಿಂದ 8 ಟನ್ ಬೀಜ ಬೇಕಾಗುತ್ತದೆ. ಒಂದೇ ಕಣ್ಣಿನ ಭಾಗವನ್ನು ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೊಳೆಸಿ, 25ರಿಂದ 35 ದಿನದ ಸಸಿಯಾಗಿ ನೆಟ್ಟರೆ ಬೀಜದ ಪ್ರಮಾಣ ಇದರ ಸಣ್ಣ ಪಾಲಿಗೆ ಇಳಿಯುತ್ತದೆ. ಸಸಿಯ ನಿಜವಾದ ಲಾಭ ಬೀಜದ ಉಳಿತಾಯಕ್ಕಿಂತ ಸಾಲಿನ ಸಮತೆ: ಮೊಳೆತದ್ದನ್ನೇ ನೆಡುವುದರಿಂದ ಖಾಲಿ ಜಾಗ ಬಹಳ ಕಡಿಮೆ, ಎಲ್ಲ ಗಿಡಗಳೂ ಒಂದೇ ವಯಸ್ಸಿನವು. ಆದರೆ ನೆಟ್ಟ ಮೊದಲ ಎರಡು ವಾರ ನೀರು ತಪ್ಪಿದರೆ ಸಸಿ ತಾಳುವುದಿಲ್ಲ, ತುಂಡು ತಾಳುತ್ತದೆ. ನೀರಿನ ಭರವಸೆ ಇಲ್ಲದ ಕಡೆ ತುಂಡೇ ವಾಸಿ.

ತುಂಡನ್ನು ಸಾಲಿನಲ್ಲಿ ಮಲಗಿಸುವಾಗ ಕಣ್ಣುಗಳು ಎರಡು ಪಕ್ಕಕ್ಕೆ ಬರಬೇಕು. ಒಂದು ಮೇಲೆ, ಒಂದು ಕೆಳಗೆ ಬಂದರೆ ಕೆಳಗಿನದು ಸುತ್ತಿಕೊಂಡು ಮೇಲೇಳುವಷ್ಟರಲ್ಲಿ ಸೊರಗುತ್ತದೆ. ಮೇಲೆ 2.5ರಿಂದ 5 ಸೆಂ.ಮೀ. ಮಣ್ಣು ಮುಚ್ಚಿದರೆ ಸಾಕು.

ಅಲ್ಲಲ್ಲಿ ಮೊಳಕೆ ಬಂದಿಲ್ಲ. ಏನು ಮಾಡಬೇಕು?

ನಾಟಿಯ ದಿನವೇ ಸ್ವಲ್ಪ ಬೀಜವನ್ನು ಹೊಲದ ಮೂಲೆಯಲ್ಲೋ ಚೀಲಗಳಲ್ಲೋ ಸಸಿ ಮಾಡಿ ಇಟ್ಟುಕೊಂಡಿರಬೇಕು. ಮೊಳಕೆ ಪೂರ್ತಿ ಬರಲು ಮೂವತ್ತರಿಂದ ಮೂವತ್ತೈದು ದಿನ ಬೇಕು. ಆ ಹೊತ್ತಿಗೆ ಅರ್ಧ ಮೀಟರಿಗಿಂತ ಉದ್ದದ ಖಾಲಿ ಜಾಗಗಳಿದ್ದಲ್ಲಿ ಈ ಸಸಿಗಳನ್ನು ನೆಟ್ಟು ಒಡನೆ ನೀರು ಕೊಡಬೇಕು. ಅಷ್ಟು ಹೊತ್ತಿಗೆ ಹಸಿ ತುಂಡು ತಂದು ಊರಿದರೆ ಪ್ರಯೋಜನವಿಲ್ಲ. ಅದು ಮೊಳೆಯುವಷ್ಟರಲ್ಲಿ ಅಕ್ಕಪಕ್ಕದ ಗಿಡಗಳು ನೆರಳು ಹಾಕಿರುತ್ತವೆ.

ಮೂರನೆಯ ತಿಂಗಳಲ್ಲಿ ಇದ್ದ ತೆಂಡೆಗಳು ಐದನೆಯ ತಿಂಗಳಿಗೆ ಇರುವುದಿಲ್ಲ. ಇದು ರೋಗವೇ?

ಅಲ್ಲ. ನಲವತ್ತನೆಯ ದಿನದ ಸುಮಾರಿಗೆ ತೆಂಡೆ ಒಡೆಯಲು ಆರಂಭವಾಗಿ ಮೂರು ನಾಲ್ಕು ತಿಂಗಳ ಹೊತ್ತಿಗೆ ಸಂಖ್ಯೆ ತುತ್ತತುದಿಗೆ ಏರುತ್ತದೆ. ಆಮೇಲೆ ಬೆಳಕಿಗಾಗಿ ಪೈಪೋಟಿ ನಡೆದು, ತಡವಾಗಿ ಹುಟ್ಟಿದ ತೆಂಡೆಗಳಲ್ಲಿ ಬಹಳಷ್ಟು ಸಾಯುತ್ತವೆ. ಒಟ್ಟು ತೆಂಡೆಗಳಲ್ಲಿ ಅರ್ಧದಷ್ಟು ಹೋಗುವುದು ಸಹಜ. ಬೇಕಾಗಿರುವುದು ಬೇಗ ಹುಟ್ಟಿದ, ದಪ್ಪನೆಯ ತೆಂಡೆ. ಅದಕ್ಕಾಗಿಯೇ ಮೊದಲ ಮೂರು ತಿಂಗಳು ಕಳೆ, ನೀರು, ಸಾರಜನಕ ಈ ಮೂರನ್ನೂ ಸಡಿಲ ಬಿಡಬಾರದು.

ಗೊಬ್ಬರವನ್ನು ಯಾವಾಗ, ಎಷ್ಟು ಕೊಡಬೇಕು?

ನೂರು ಟನ್ ಕಬ್ಬಿನ ಬೆಳೆ ಮಣ್ಣಿನಿಂದ ಸುಮಾರು 200 ಕಿಲೋ ಸಾರಜನಕ, 50 ಕಿಲೋ ರಂಜಕ ಮತ್ತು 270 ಕಿಲೋ ಪೊಟ್ಯಾಷ್ ಹೀರಿಕೊಳ್ಳುತ್ತದೆ ಎಂಬುದು ಸಾಮಾನ್ಯ ಅಂದಾಜು. ಪೊಟ್ಯಾಷ್ ಸಾರಜನಕಕ್ಕಿಂತ ಹೆಚ್ಚಿರುವುದನ್ನು ಗಮನಿಸಬೇಕು. ಚೀಲದ ಲೆಕ್ಕದಲ್ಲಿ ಹೆಚ್ಚಿನವರು ಹಾಕುವುದು ಇದರ ತಲೆಕೆಳಗು. ಸಕ್ಕರೆ ಎಲೆಯಿಂದ ಕಾಂಡಕ್ಕೆ ಸಾಗಲು ಪೊಟ್ಯಾಷ್ ಬೇಕೇ ಬೇಕು. ಕೊಡಬೇಕಾದ ಪ್ರಮಾಣವನ್ನು ಮಣ್ಣು ಪರೀಕ್ಷೆಯ ವರದಿ ನೋಡಿ ತೀರ್ಮಾನಿಸಬೇಕು.

ರಂಜಕವನ್ನು ಪೂರ್ತಿಯಾಗಿ ನಾಟಿಯ ಸಾಲಿಗೇ ಹಾಕಿ ಮಣ್ಣಿನಲ್ಲಿ ಬೆರೆಸಬೇಕು, ಏಕೆಂದರೆ ಅದು ಹಾಕಿದ ಜಾಗ ಬಿಟ್ಟು ಚಲಿಸುವುದು ಬಹಳ ಕಡಿಮೆ. ಸಾರಜನಕವನ್ನು ಮೂರು ನಾಲ್ಕು ಕಂತುಗಳಲ್ಲಿ, ಹನಿ ನೀರಾವರಿ ಇದ್ದರೆ ಇನ್ನೂ ಸಣ್ಣ ಕಂತುಗಳಲ್ಲಿ ಕೊಡಬಹುದು. ಹನ್ನೆರಡು ತಿಂಗಳ ಬೆಳೆಯಲ್ಲಿ ನಾಲ್ಕನೆಯ ತಿಂಗಳ ಹೊತ್ತಿಗೆ ಸಾರಜನಕ ಮುಗಿದಿರಬೇಕು. ರಸಾವರಿಯಲ್ಲಿ, ಅಂದರೆ ಹನಿ ನೀರಿನಲ್ಲೇ ಗೊಬ್ಬರ ಕರಗಿಸಿ ಕೊಡುವಾಗ, ತುಸು ಮುಂದೆ ಹೋಗಬಹುದು. ತಡವಾಗಿ ಕೊಟ್ಟ ಯೂರಿಯಾ ‘ನೀರು ಮರಿ’ಗಳನ್ನು (ತಡವಾಗಿ ಏಳುವ, ನೀರು ತುಂಬಿದ ಚಿಗುರುಗಳನ್ನು) ಎಬ್ಬಿಸಿ, ಮಾಗುವಿಕೆಯನ್ನು ಮುಂದೂಡಿ, ರಸವನ್ನು ತೆಳುವಾಗಿಸುತ್ತದೆ, ಗಾಳಿ ಬೀಸಿದಾಗ ಬೆಳೆ ನೆಲಕ್ಕೊರಗಲೂ ದಾರಿ ಮಾಡುತ್ತದೆ. ಎಲೆ ಕಡುಹಸಿರಾದ ಮಾತ್ರಕ್ಕೆ ಸಂತೋಷಪಡುವಂತಿಲ್ಲ.

ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ, ಅದರಲ್ಲೂ ಕೂಳೆಯಲ್ಲಿ, ಎಳೆಯ ಎಲೆಗಳು ನರ ಮಾತ್ರ ಹಸಿರುಳಿದು ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ. ಫೆರಸ್ ಸಲ್ಫೇಟನ್ನು ತೆಳುವಾಗಿ ಕರಗಿಸಿ ಎಲೆಗೆ ಸಿಂಪಡಿಸಬೇಕು.

ನೀರು ಎಷ್ಟು ಬೇಕು?

ಹವೆಯನ್ನೂ ಬೆಳೆಯ ಅವಧಿಯನ್ನೂ ಅನುಸರಿಸಿ ಮಳೆಯೂ ಸೇರಿ ಒಟ್ಟು 1500ರಿಂದ 2500 ಮಿ.ಮೀ. ಮೊಳಕೆಯ ಕಾಲದಲ್ಲಿ ತೆಳುವಾಗಿ, ಮೇಲಿಂದ ಮೇಲೆ. ಅಲ್ಲಿ ನೀರು ನಿಂತರೆ ತುಂಡು ಕೊಳೆಯುತ್ತದೆ. ತೆಂಡೆ ಒಡೆಯುವ ಕಾಲ ಮತ್ತು ಅನಂತರದ ಭರದ ಬೆಳವಣಿಗೆಯ ಕಾಲ, ಅಂದರೆ ನಾಲ್ಕರಿಂದ ಒಂಬತ್ತನೆಯ ತಿಂಗಳು, ಬರ ತಾಗಬಾರದು. ಭರದ ಬೆಳವಣಿಗೆಯಲ್ಲಿ ನೀರಿಲ್ಲದೆ ಬಳಲಿದ ಕಬ್ಬಿನ ಮೇಲೆ ಆ ಕಾಲದ ಗುರುತು ಕಟಾವಿನವರೆಗೂ ಉಳಿಯುತ್ತದೆ: ಉದ್ದ ಗೆಣ್ಣುಗಳ ನಡುವೆ ಮೂರು ನಾಲ್ಕು ಗಿಡ್ಡ ಗೆಣ್ಣುಗಳು ಒತ್ತೊತ್ತಾಗಿ ಕೂತಿರುತ್ತವೆ. ಹನಿ ನೀರಾವರಿಯಿಂದ ನೀರು ಗಣನೀಯವಾಗಿ ಉಳಿಯುತ್ತದೆ. ಸಾಲಿನಲ್ಲಿ ರವದಿ ಹೊದಿಸಿದರೆ ಹಾಯಿಸುವ ನೀರಾವರಿಯಲ್ಲೂ ಸರದಿಯ ಅಂತರವನ್ನು ಹಿಗ್ಗಿಸಬಹುದು.

ಕಳೆ ಎಷ್ಟು ದಿನ ಕೀಳಬೇಕು? ಅಂತರ ಬೆಳೆ ಹಾಕಬಹುದೇ?

ಮೊದಲ ಮೂರರಿಂದ ನಾಲ್ಕು ತಿಂಗಳು ಸಾಲು ಸ್ವಚ್ಛವಾಗಿರಬೇಕು. ಮೇಲೆ ಸೋಗೆ ಮುಚ್ಚಿಕೊಂಡ ಮೇಲೆ ಕಳೆಗೆ ಬೆಳಕಿಲ್ಲ, ಬಳ್ಳಿ ಜಾತಿಯವು ಮಾತ್ರ ಕಬ್ಬನ್ನೇ ಹತ್ತುತ್ತವೆ. ಅಗಲ ಸಾಲಿನಲ್ಲಿ ಮೂರು ತಿಂಗಳೊಳಗೆ ಮುಗಿಯುವ ದ್ವಿದಳ ಧಾನ್ಯ, ಸೊಪ್ಪು, ಈರುಳ್ಳಿಯಂಥವನ್ನು ಹಾಕಬಹುದು. ಎತ್ತರಕ್ಕೆ ಬೆಳೆಯುವ ಮೆಕ್ಕೆಜೋಳ ಬೇಡ.

ಮಣ್ಣು ಏರಿಸುವುದು, ರವದಿ ಸುಲಿಯುವುದು ಏಕೆ?

ಒಂದೂವರೆ ತಿಂಗಳಿಗೆ ಸ್ವಲ್ಪ, ಮೂರೂವರೆಯಿಂದ ನಾಲ್ಕು ತಿಂಗಳಿಗೆ ಪೂರ್ತಿಯಾಗಿ ಮಣ್ಣು ಏರಿಸುತ್ತಾರೆ. ಆಗ ಸಾಲು ಬೋದಾಗಿ (ಮಣ್ಣಿನ ದಿಣ್ಣೆಯಾಗಿ), ಬೋದು ಸಾಲಾಗಿ ಬದಲಾಗುತ್ತದೆ. ಬುಡಕ್ಕೆ ಆಸರೆ ಸಿಗುತ್ತದೆ, ಬೇಡದ ತಡವಾದ ತೆಂಡೆಗಳು ಅಡಗುತ್ತವೆ, ಹಾಕಿದ ಮೇಲುಗೊಬ್ಬರ ಮುಚ್ಚಿಕೊಳ್ಳುತ್ತದೆ. ಐದು ಮತ್ತು ಏಳನೆಯ ತಿಂಗಳಲ್ಲಿ ಕೆಳಗಿನ ಒಣ ಎಲೆಗಳನ್ನು ಸುಲಿದು ಸಾಲಿನಲ್ಲೇ ಹಾಸಬೇಕು. ಹಸಿರೆಲೆಯನ್ನು ಕೀಳಬಾರದು. ಗಾಳಿಯ ಹೊಡೆತ ಇರುವಲ್ಲಿ ಎರಡು ಸಾಲಿನ ಕಬ್ಬುಗಳನ್ನು ಅವುಗಳದೇ ಒಣ ರವದಿಯಿಂದ ಸೇರಿಸಿ ಕಟ್ಟುತ್ತಾರೆ.

ಸುಳಿ ಒಣಗಿದೆ. ಯಾವ ಹುಳು ಎಂದು ತಿಳಿಯುವುದು ಹೇಗೆ?

ಒಣಗಿದ ಸುಳಿಯನ್ನು ಹಿಡಿದು ಎಳೆಯಬೇಕು. ಸುಲಭವಾಗಿ ಕಿತ್ತು ಬಂದು, ಬುಡ ಕೊಳೆತು ನಾರುತ್ತಿದ್ದರೆ ಎಳೆಯ ಬೆಳೆಯ ಸುಳಿ ಕೊರಕ. ಎಳೆದರೂ ಬಾರದೆ, ಬಿಚ್ಚಿದ ಎಲೆಗಳಲ್ಲಿ ಅಡ್ಡಸಾಲಿನಲ್ಲಿ ತೂತುಗಳಿದ್ದರೆ ತುದಿ ಕೊರಕ. ಮೊದಲನೆಯದಕ್ಕೆ ಬೇಗ ಸ್ವಲ್ಪ ಮಣ್ಣು ಏರಿಸುವುದು, ನೆಲದಲ್ಲಿ ತೇವ ಕಾಯುವುದು, ರವದಿ ಹೊದಿಸುವುದು ಬಹಳ ಮಟ್ಟಿಗೆ ಸಾಕು. ಕೊರಕಗಳ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜವನ್ನು ಹೊಲಕ್ಕೆ ಬಿಡುವುದು ನಂಬಬಹುದಾದ ಉಪಾಯ. ಅದನ್ನು ಬಿಟ್ಟ ವಾರದಲ್ಲೇ ಕೀಟನಾಶಕ ಸಿಂಪಡಿಸಿದರೆ ಬಿಟ್ಟದ್ದು ವ್ಯರ್ಥ.

ಗಿಡಗಳು ಅಲ್ಲಲ್ಲಿ ಗುಂಪಾಗಿ ಹಳದಿಯಾಗಿ, ಎಳೆದರೆ ಬುಡ ಸಮೇತ ಎದ್ದು ಬಂದರೆ ಬೇರನ್ನು ಗೊಣ್ಣೆ ಹುಳು ತಿಂದಿದೆ ಎಂದರ್ಥ. ಮೊದಲ ಮಳೆಯ ನಂತರ ಸಂಜೆ ಮರಗಳಲ್ಲಿ ಸೇರುವ ಅದರ ದುಂಬಿಗಳನ್ನು ಸಾಮೂಹಿಕವಾಗಿ ಹಿಡಿದು ಕೊಲ್ಲುವುದೇ ಸರಿಯಾದ ಸಮಯದ ಕ್ರಮ. ಎಲೆಯ ಅಡಿಯಲ್ಲಿ ಬಿಳಿ ಹತ್ತಿಯಂತೆ ಕಾಣುವ ಉಣ್ಣೆ ಹೇನಿಗೆ ಡೈಫಾ ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳೇ ಶತ್ರು. ಅವು ಹೊಲದಲ್ಲಿ ಕಂಡರೆ ಸಿಂಪಡಣೆಯನ್ನು ತಡೆಹಿಡಿಯಬೇಕು.

ಕೆಂಪು ಕೊಳೆ ರೋಗವನ್ನು ಗುರುತಿಸುವುದು ಹೇಗೆ?

ತುದಿಯಿಂದ ಮೂರನೆಯ, ನಾಲ್ಕನೆಯ ಎಲೆ ಹಳದಿಯಾಗಿ ಒಣಗತೊಡಗಿದರೆ ಆ ಕಬ್ಬನ್ನು ಉದ್ದಕ್ಕೆ ಸೀಳಬೇಕು. ಒಳಭಾಗ ಕೆಂಪಾಗಿ, ಆ ಕೆಂಪಿನ ನಡುವೆ ಅಡ್ಡಡ್ಡಲಾಗಿ ಬಿಳಿ ಪಟ್ಟೆಗಳಿದ್ದು, ಹುಳಿ ಹೆಂಡದ ವಾಸನೆ ಬಂದರೆ ಅನುಮಾನ ಬೇಡ. ಬರಿ ಕೆಂಪು ಮಾತ್ರ ಇದ್ದು ಬಿಳಿ ಪಟ್ಟೆ ಇಲ್ಲದಿದ್ದರೆ ಕೊರಕದ ಗಾಯವೂ ಇರಬಹುದು. ನಿಂತ ಬೆಳೆಗೆ ಇದಕ್ಕೆ ಔಷಧಿಯಿಲ್ಲ. ಗುಂಪನ್ನು ಬುಡ ಸಮೇತ ಕಿತ್ತು ಸುಡಬೇಕು, ಆ ಹೊಲದ ನೀರು ಪಕ್ಕದ ಹೊಲಕ್ಕೆ ಹರಿಯದಂತೆ ನೋಡಬೇಕು, ಕೂಳೆ ಬಿಡಬಾರದು, ಮುಂದಿನ ನಾಟಿಗೆ ನಿರೋಧಕ ತಳಿ ತರಬೇಕು. ಸುಳಿಯಿಂದ ಕಪ್ಪು ಚಾಟಿಯಂತೆ ಹೊರಬರುವ ಕಾಡಿಗೆ ರೋಗದಲ್ಲಿ, ಕೀಳುವ ಮೊದಲು ಚಾಟಿಗೆ ಚೀಲ ತೊಡಿಸಬೇಕು. ಇಲ್ಲವಾದರೆ ಕೀಳುವ ಕೆಲಸವೇ ಅದರ ಪುಡಿಯನ್ನು ಹೊಲಕ್ಕೆಲ್ಲ ಹರಡುತ್ತದೆ.

ಕಬ್ಬು ಸೂಲಂಗಿ ಬಿಟ್ಟಿದೆ. ಕೂಡಲೇ ಕಡಿಯಬೇಕೇ?

ಕೂಡಲೇ ಬೇಡ, ತಡವೂ ಬೇಡ. ಹೂ ಬಂದ ಮೇಲೆ ಹೊಸ ಗೆಣ್ಣು ಬೆಳೆಯುವುದಿಲ್ಲ; ಒಂದಷ್ಟು ಕಾಲ ಸಕ್ಕರೆ ಸೇರುತ್ತದೆ, ಆಮೇಲೆ ತುದಿಯಿಂದ ಬೆಂಡಾಗುತ್ತಾ ಬರುತ್ತದೆ. ಒಂದೆರಡು ತಿಂಗಳೊಳಗೆ ಕಟಾವು ಮುಗಿಸುವುದು ಕ್ಷೇಮ.

ಮಾಗಿದೆ ಎಂದು ಹೇಗೆ ತಿಳಿಯುವುದು?

ಎಲೆ ಹಳದಿಗೆ ತಿರುಗುವುದು, ಕಣ್ಣು ಉಬ್ಬುವುದು, ತಟ್ಟಿದರೆ ಲೋಹದಂಥ ಸದ್ದು ಬರುವುದು ಹಳೆಯ ಗುರುತುಗಳು. ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಇವೆಲ್ಲಕ್ಕಿಂತ ನಂಬಿಕೆಯದು. ಒಂದೇ ಕಬ್ಬಿನ ಬುಡ ಮತ್ತು ತುದಿಯ ರಸದ ಬ್ರಿಕ್ಸ್ (ರಸದಲ್ಲಿ ಕರಗಿದ ಘನಾಂಶದ, ಮುಖ್ಯವಾಗಿ ಸಕ್ಕರೆಯ, ಶೇಕಡಾ ಪ್ರಮಾಣ) ಅಳೆಯಬೇಕು. ಬುಡದಲ್ಲಿ 20, ತುದಿಯಲ್ಲಿ 14 ಇದ್ದರೆ ಇನ್ನೂ ಕಾಯಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಗಿ, 18ಕ್ಕಿಂತ ಮೇಲಿದ್ದರೆ ಮಾಗಿದೆ. ತುದಿಯದೇ ಹೆಚ್ಚಾದರೆ ಮಾಗುವ ಹದ ಮೀರಿದೆ. ಹೊಲದ ಅಂಚಿನ ಕಬ್ಬಿಗೆ ಬಿಸಿಲು ಹೆಚ್ಚು. ಅಲ್ಲಿನ ಅಳತೆ ನಂಬಿ ಕಡಿಯಬಾರದು, ಒಳಸಾಲುಗಳಿಂದ ಹತ್ತಾರು ಕಬ್ಬು ನೋಡಬೇಕು.

ಕಟಾವಿನಲ್ಲಿ ಗಮನಿಸಬೇಕಾದದ್ದು ಏನು? ರವದಿ ಸುಟ್ಟು ಕಡಿಯಬಹುದೇ?

ಹಗುರ ಮಣ್ಣಿನಲ್ಲಿ ಎರಡು ವಾರ, ಭಾರಿ ಮಣ್ಣಿನಲ್ಲಿ ನಾಲ್ಕು ವಾರ ಮೊದಲೇ ನೀರು ನಿಲ್ಲಿಸಬೇಕು. ಕಡಿತ ನೆಲಮಟ್ಟಕ್ಕೇ ಇರಬೇಕು, ಏಕೆಂದರೆ ಬುಡದ ಗೆಣ್ಣುಗಳಲ್ಲೇ ಸಕ್ಕರೆ ಅತಿ ಹೆಚ್ಚು. ಎತ್ತರಕ್ಕೆ ಕಡಿದ ಮೋಟಿನಿಂದ ಬರುವ ಕೂಳೆಯೂ ಮೇಲುಮೇಲಿನ ಬೇರಿನದಾಗುತ್ತದೆ. ತುದಿಯ ಎಳೆಯ ಗೆಣ್ಣುಗಳನ್ನು ಬಿಡದೆ ತೆಗೆದುಹಾಕಬೇಕು. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯುವುದು ಒಳಿತು. ತಡವಾದಷ್ಟೂ ತೇವ ಆರಿ ತೂಕ ಇಳಿಯುತ್ತದೆ, ಸುಕ್ರೋಸ್ ಒಡೆದು ಹರಳುಗಟ್ಟದ ಸಕ್ಕರೆಗಳಾಗುತ್ತದೆ. ಸುಟ್ಟ ಕಬ್ಬಿನಲ್ಲಿ ಈ ನಷ್ಟ ಇನ್ನೂ ಬೇಗ. ಜೊತೆಗೆ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ಒಣ ರವದಿ, ಅದರೊಳಗಿನ ಸಾರಜನಕ ಸಮೇತ, ಹೊಗೆಯಾಗಿ ಹೋಗುತ್ತದೆ.

ಕೂಳೆ ಬೆಳೆಗೆ ಏನು ಮಾಡಬೇಕು, ಎಷ್ಟು ಕೂಳೆ ತೆಗೆಯಬಹುದು?

ಕೂಳೆ ತಾನಾಗಿ ಬರುವ ಬೆಳೆಯೆಂಬ ಭಾವನೆಯೇ ಅದರ ಇಳುವರಿ ಕುಸಿಯಲು ಮುಖ್ಯ ಕಾರಣ. ಕಟಾವಾದ ವಾರದೊಳಗೆ ಮೋಟುಗಳನ್ನು ಹರಿತವಾದ ಆಯುಧದಿಂದ ನೆಲಮಟ್ಟಕ್ಕೆ ಸವರಬೇಕು, ಬೋದಿನ ಎರಡು ಮಗ್ಗುಲನ್ನೂ ಉತ್ತು ಹಳೆಯ ಬೇರು ಕಡಿಯಬೇಕು, ಖಾಲಿ ಜಾಗಗಳಿಗೆ ಸಸಿ ತುಂಬಬೇಕು. ರವದಿಯನ್ನು ಸಾಲುಬಿಟ್ಟು ಸಾಲಿಗೆ ಹಾಸಿ, ಅದು ಕೊಳೆಯಲು ಸ್ವಲ್ಪ ಯೂರಿಯಾ ಎರಚಿ ತೇವ ಮಾಡಬೇಕು. ಹಳೆಯ ಬೇರು ದುರ್ಬಲವಾಗಿರುವುದರಿಂದ ನಾಟಿ ಬೆಳೆಗಿಂತ ಕಾಲು ಭಾಗ ಹೆಚ್ಚು ಸಾರಜನಕ ಬೇಕು, ಅದೂ ಬೇಗ. ಕೂಳೆ ನಾಟಿ ಬೆಳೆಗಿಂತ ಒಂದೆರಡು ತಿಂಗಳು ಮೊದಲೇ ಮಾಗುತ್ತದೆ, ಬ್ರಿಕ್ಸ್ ನೋಡುವುದನ್ನೂ ಅಷ್ಟೇ ಮೊದಲು ಆರಂಭಿಸಬೇಕು.

ಎಷ್ಟು ಕೂಳೆ ಎಂಬುದಕ್ಕೆ ಎರಡು ಅಥವಾ ಮೂರು ಎಂಬ ಸಿದ್ಧ ಉತ್ತರಕ್ಕಿಂತ ಹೊಲದಲ್ಲಿ ನಡೆದು ಎಣಿಸುವುದು ಮೇಲು. ಖಾಲಿ ಜಾಗ ಸಾಲಿನ ಉದ್ದದಲ್ಲಿ ಐದನೆಯ ಒಂದು ಭಾಗವನ್ನು ಮೀರಿದ್ದರೆ, ಇಲ್ಲವೇ ಕೆಂಪು ಕೊಳೆ, ಕಾಡಿಗೆ, ಹುಲ್ಲಿನಂತೆ ತೆಳುವಾಗಿ ಬಿಳಿಚಿದ ತೆಂಡೆಗಳು ಅಲ್ಲಲ್ಲಿ ಕಂಡಿದ್ದರೆ, ಅದು ಮೊದಲ ಕೂಳೆಯೇ ಆಗಿದ್ದರೂ ಕಿತ್ತು, ಒಂದು ಹಂಗಾಮು ದ್ವಿದಳ ಧಾನ್ಯವನ್ನೋ ಹಸಿರೆಲೆ ಗೊಬ್ಬರವನ್ನೋ ಬೆಳೆದು, ಹೊಸ ಬೀಜ ತಂದು ನೆಡಬೇಕು.